ಹೊಳೆಬಾಗಿಲಿನಿಂದ ಕೊಲ್ಲೂರಿಗೆ: ಶರಾವತಿ ಹಿನ್ನೀರಿನ ದಾರಿ

ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಅಂಬಾರಗೋಡ್ಲು ದಡವನ್ನು ಜನ ಕರೆಯುವುದು ಹೊಳೆಬಾಗಿಲು ಎಂದು. ಸಾಗರ ಪೇಟೆಯಿಂದ ಆವಿನಹಳ್ಳಿಯ ಮೇಲೆ ಹಾದು ಬರುವ ರಸ್ತೆ ಇಲ್ಲಿ ನೇರವಾಗಿ ನೀರಿಗೆ ಇಳಿಯುತ್ತಿತ್ತು. ಎದುರಿಗೆ ಶರಾವತಿಯ ಹಿನ್ನೀರು. ಅದರ ಆಚೆ ಕಳಸವಳ್ಳಿ, ಸಿಗಂದೂರು, ತುಮರಿ. ಇನ್ನೂ ಮುಂದೆ ನಾಗೋಡಿ, ಕೊಡಚಾದ್ರಿ, ಕೊಲ್ಲೂರು. ಆರು ದಶಕಗಳ ಕಾಲ ಈ ನೀರನ್ನು ದಾಟಿಸಿದ್ದು ಲಾಂಚ್. 2025ರ ಜುಲೈ 14ರಿಂದ ಸೇತುವೆ ದಾಟಿಸುತ್ತಿದೆ. ರಸ್ತೆ, ನೀರು, ಮತ್ತೆ ರಸ್ತೆ ಎಂದು ಸಾಗುವ ಇಂಥ ಪ್ರಯಾಣಕ್ಕೆ ಜಗತ್ತಿನಲ್ಲಿ ಹೆಸರಾದ ದೇಶ ನಾರ್ವೆ. ಕರ್ನಾಟಕದೊಳಗೆ ಅದಕ್ಕೆ ತೀರ ಹತ್ತಿರ ಬರುವುದು ಈ ಹಿನ್ನೀರಿನ ದಾರಿ. ನೋಟದಲ್ಲಿ ಹೋಲಿಕೆಯಿದೆ, ಹುಟ್ಟಿನಲ್ಲಿ ಇಲ್ಲ.

ನಾರ್ವೆಯ ಪಶ್ಚಿಮ ತೀರದಲ್ಲಿ ಕಡಲು ಬೆಟ್ಟಗಳ ನಡುವೆ ನುಸುಳಿ ಒಳನಾಡಿನವರೆಗೂ ಚಾಚಿಕೊಂಡಿದೆ. ಹಿಮಯುಗಗಳಲ್ಲಿ ಬೆಟ್ಟದಿಂದ ಜಾರಿದ ಹಿಮನದಿಗಳು ಕಣಿವೆಗಳನ್ನು ಸಮುದ್ರಮಟ್ಟಕ್ಕಿಂತ ಕೆಳಗೆ ಕೊರೆದವು. ಹಿಮ ಕರಗಿ ಹಿಂದೆ ಸರಿದ ಮೇಲೆ ಆ ಕೊರಕಲುಗಳಿಗೆ ಉಪ್ಪುನೀರು ತುಂಬಿತು. ಇವೇ ಫಿಯೋರ್ಡ್‌ಗಳು. ಅಲ್ಲಿನ ಅತಿ ಉದ್ದದ ಸೋನ್ಯೆ ಫಿಯೋರ್ಡ್ 200 ಕಿಲೋಮೀಟರಿಗೂ ಹೆಚ್ಚು ಉದ್ದವಿದೆ. ಅದರ ಆಳ ಕೆಲವೆಡೆ 1,300 ಮೀಟರ್ ದಾಟುತ್ತದೆ. ಗೈರಾಂಗರ್ ಮತ್ತು ನೇರಾಯ್ ಎಂಬ ಎರಡು ಫಿಯೋರ್ಡ್‌ಗಳನ್ನು ಯುನೆಸ್ಕೊ 2005ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಗೈರಾಂಗರ್‌ನ ಪ್ರವಾಸ ಹೀಗಿರುತ್ತದೆ: ಹೆಲ್ಲೆಸಿಲ್ಟ್ ಎಂಬ ಊರಿನಲ್ಲಿ ಕಾರನ್ನು ಫೆರಿಗೆ ಹತ್ತಿಸಬೇಕು, ಸುಮಾರು ಒಂದು ಗಂಟೆ ಕಡಿದಾದ ಬಂಡೆಗಳ ನಡುವೆ ತೇಲಬೇಕು, ‘ಏಳು ಸೋದರಿಯರು’ ಎಂಬ ಜಲಪಾತವನ್ನು ನೀರಿನ ಮೇಲಿನಿಂದಲೇ ನೋಡಬೇಕು, ಆಚೆ ದಡದಲ್ಲಿ ಇಳಿದು 11 ತಿರುವುಗಳ ‘ಹದ್ದಿನ ರಸ್ತೆ’ ಏರಬೇಕು. ಫೆರಿಯನ್ನು ಅಲ್ಲಿ ಹೆದ್ದಾರಿಯದೇ ಒಂದು ತುಂಡು ಎಂದು ಎಣಿಸುತ್ತಾರೆ.

ಶರಾವತಿಯ ನೀರು ಹಿಮ ಕೊರೆದದ್ದಲ್ಲ, ಮನುಷ್ಯ ಕಟ್ಟಿ ನಿಲ್ಲಿಸಿದ್ದು. ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ ಹುಟ್ಟುವ ಈ ಹೊಳೆ ಸುಮಾರು 130 ಕಿಲೋಮೀಟರ್ ಹರಿದು ಹೊನ್ನಾವರದಲ್ಲಿ ಅರಬ್ಬಿ ಸಮುದ್ರ ಸೇರುತ್ತದೆ. ನಡುವೆ ಜೋಗದಲ್ಲಿ 253 ಮೀಟರ್ ಆಳಕ್ಕೆ ಬೀಳುತ್ತದೆ. ಆ ಬೀಳುವಿಕೆಯಲ್ಲಿ ವಿದ್ಯುತ್ ಕಂಡವರು ಮೈಸೂರು ಸಂಸ್ಥಾನದ ಎಂಜಿನಿಯರುಗಳು. 1939ರಲ್ಲಿ ಆರಂಭವಾದ ಜೋಗದ ಯೋಜನೆಗೆ ಮಳೆಗಾಲದ ನೀರನ್ನು ಹಿಡಿದಿಡಲೆಂದು ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟೆ ಎದ್ದಿತು. 1948ರಲ್ಲಿ ಜೋಗದ ವಿದ್ಯುದಾಗಾರ ಕೆಲಸ ಶುರುಮಾಡಿತು. ಅದಕ್ಕೆ ಮುಂದೆ ಮಹಾತ್ಮ ಗಾಂಧಿಯವರ ಹೆಸರಾಯಿತು. ಹಿರೇಭಾಸ್ಕರದ ವಿಶೇಷವೆಂದರೆ ಅದರ ಸೈಫನ್‌ಗಳು. ಜಲಾಶಯ ತುಂಬಿದಾಗ ಯಾರೂ ಗೇಟು ಎತ್ತದೆ ಹೆಚ್ಚಿನ ನೀರು ತಾನಾಗಿ ಎಳೆದುಕೊಂಡು ಹೊರಹೋಗುವ ವ್ಯವಸ್ಥೆ ಅದು.

ಆದರೆ ರಾಜ್ಯದ ವಿದ್ಯುತ್ ಹಸಿವಿಗೆ ಹಿರೇಭಾಸ್ಕರ ಚಿಕ್ಕದಾಯಿತು. ಅದರ ಕೆಳಗೆ, ಜೋಗಕ್ಕೆ ಇನ್ನೂ ಹತ್ತಿರದಲ್ಲಿ, ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿದರು. 61 ಮೀಟರ್ ಎತ್ತರದ, ಎರಡು ಕಿಲೋಮೀಟರಿಗೂ ಹೆಚ್ಚು ಉದ್ದದ ಈ ಕಟ್ಟೆ 1964ರಲ್ಲಿ ಮುಗಿಯಿತು. ಹೊಸ ಜಲಾಶಯ ತುಂಬಿದಂತೆ ಹಳೆಯ ಅಣೆಕಟ್ಟೆಯೇ ಅದರಲ್ಲಿ ಮುಳುಗಿತು. ಬೇಸಿಗೆಯ ಕೊನೆಯಲ್ಲಿ ನೀರು ತೀರ ಇಳಿದ ವರ್ಷಗಳಲ್ಲಿ ಮಡೆನೂರಿನ ಕಟ್ಟೆ ಇಂದಿಗೂ ಗಟ್ಟಿಯಾಗಿ ಮೇಲೆ ಕಾಣಿಸಿಕೊಳ್ಳುತ್ತದೆ. ನೋಡಲು ಜನ ಕಾರು, ಬೈಕುಗಳಲ್ಲಿ ಬರುತ್ತಾರೆ.

ಲಿಂಗನಮಕ್ಕಿಯ ಪೂರ್ಣಮಟ್ಟ ಸಮುದ್ರಮಟ್ಟದಿಂದ 1,819 ಅಡಿ. ಸಂಗ್ರಹ 151 ಟಿಎಂಸಿಗೂ ಹೆಚ್ಚು. ತುಂಬಿದಾಗ ನೀರು ಹರಡುವ ಜಾಗ 300 ಚದರ ಕಿಲೋಮೀಟರ್ ಮೀರುತ್ತದೆ. ಸೋನ್ಯೆಯ ಆಳದ ಮುಂದೆ ಇದು ಮೊಣಕಾಲುದ್ದದ ನೀರು. ಆದರೆ ಹರವಿನಲ್ಲಿ, ಕವಲುಗಳಲ್ಲಿ ಇದರದೇ ಒಂದು ಬೆಡಗು ಇದೆ. ಹೊಳೆಯ ಮುಖ್ಯ ಕಣಿವೆಯ ಜೊತೆಗೆ ಅದಕ್ಕೆ ಸೇರುವ ಪ್ರತಿ ಹಳ್ಳದ ಕಣಿವೆಗೂ ನೀರು ಹಿಮ್ಮುಖವಾಗಿ ಏರಿದ್ದರಿಂದ ಹಿನ್ನೀರಿನ ನಕಾಶೆಗೆ ನೇರವಾದ ಅಂಚು ಎಲ್ಲಿಯೂ ಇಲ್ಲ. ಗುಡ್ಡದ ತಲೆಗಳು ನಡುಗಡ್ಡೆಗಳಾದವು. ಕೆಳಗಿನ ಕಾಡಿನ ಮರಗಳು ನೀರಿನೊಳಗೇ ನಿಂತು ಒಣಗಿದವು. ಅವುಗಳ ಬೊಡ್ಡೆಗಳು ಇಂದಿಗೂ ಬೇಸಿಗೆಯಲ್ಲಿ ಮೇಲೇಳುತ್ತವೆ.

ಈ ನೀರಿನ ಕೆಲಸ ವಿದ್ಯುತ್. ಲಿಂಗನಮಕ್ಕಿಯಿಂದ ತಳಕಳಲೆ ಜಲಾಶಯಕ್ಕೆ, ಅಲ್ಲಿಂದ ದೊಡ್ಡ ಕೊಳವೆಗಳಲ್ಲಿ ಘಟ್ಟದ ಬುಡಕ್ಕೆ ಇಳಿಯುವ ನೀರು ಶರಾವತಿ ವಿದ್ಯುದಾಗಾರದ ಹತ್ತು ಟರ್ಬೈನುಗಳನ್ನು ತಿರುಗಿಸುತ್ತದೆ. ಒಟ್ಟು ಸಾಮರ್ಥ್ಯ 1,035 ಮೆಗಾವಾಟ್. ಹೊರಬಿದ್ದ ನೀರನ್ನು ಗೇರುಸೊಪ್ಪೆಯಲ್ಲಿ ಮತ್ತೊಮ್ಮೆ ತಡೆದು ಇನ್ನೂ 240 ಮೆಗಾವಾಟ್ ತೆಗೆಯುತ್ತಾರೆ. ವರ್ಷವಿಡೀ ಹರಿಯುವ ಹೊಳೆ ಇಲ್ಲದ ಚಿಂತಾಮಣಿ, ಶಿಡ್ಲಘಟ್ಟದ ಕಡೆ ಸಾವಿರ ಅಡಿಗೂ ಹೆಚ್ಚು ಆಳದ ಕೊಳವೆಬಾವಿಗಳಿಂದ ನೀರೆತ್ತುವ ಮೋಟರುಗಳಿಗೆ ಹರಿಯುವ ಕರೆಂಟಿನಲ್ಲಿ ಶರಾವತಿಯದೂ ಒಂದು ಪಾಲಿದೆ. ಮಲೆನಾಡಿನ ಮುಳುಗಡೆಗೂ ಬಯಲುಸೀಮೆಯ ಟೊಮೆಟೊ, ಹಿಪ್ಪುನೇರಳೆ ತೋಟಗಳಿಗೂ ಇರುವ ಈ ನಂಟನ್ನು ಎರಡೂ ಕಡೆಯವರು ನೆನೆಯುವುದು ಕಡಿಮೆ.

ಮುಳುಗಿದ್ದು ಕಾಡು ಮಾತ್ರವಲ್ಲ. ಸಾಗರ ಮತ್ತು ಹೊಸನಗರ ತಾಲ್ಲೂಕುಗಳ ನೂರಕ್ಕೂ ಹೆಚ್ಚು ಹಳ್ಳಿಗಳು ಪೂರ್ತಿಯಾಗಿಯೋ ಭಾಗಶಃವೋ ನೀರಿಗೆ ಸೇರಿದವು. ಅಡಿಕೆ ತೋಟ, ಗದ್ದೆ, ದೇವಸ್ಥಾನ, ಸಂತೆಯ ದಾರಿ ಎಲ್ಲವೂ ಹೋದವು. ದೀವರು, ಹವ್ಯಕರು ಮೊದಲಾಗಿ ತಲೆಮಾರುಗಳಿಂದ ಕಣಿವೆಯಲ್ಲಿ ಬೇರೂರಿದ್ದ ಸಾವಿರಾರು ಕುಟುಂಬಗಳನ್ನು ಎಬ್ಬಿಸಿ ಜಿಲ್ಲೆಯ ಬೇರೆ ಬೇರೆ ಕಾಡುಗಳಿಗೆ ಸಾಗಿಸಿದರು. ಕಾಡು ಕಡಿದು ಕೃಷಿ ಮಾಡಿದ ಆ ಭೂಮಿಗೆ ಹಕ್ಕುಪತ್ರ ಕೇಳುವ ಹೋರಾಟ ಮೂರನೆಯ ತಲೆಮಾರಿಗೂ ಮುಗಿದಿಲ್ಲ. ನಾಡಿಗೆ ಬೆಳಕು ಕೊಟ್ಟವರು ಎಂಬ ಹೊಗಳಿಕೆ ಅವರಿಗೆ ಪ್ರತಿ ಚುನಾವಣೆಯಲ್ಲೂ ಸಿಗುತ್ತದೆ, ಹಕ್ಕುಪತ್ರ ಸಿಗುವುದಿಲ್ಲ. ಈ ಕಥೆಯನ್ನು ಕನ್ನಡಕ್ಕೆ ಕೊಟ್ಟವರಲ್ಲಿ ಮೊದಲಿಗರು ಸಾಗರದ ನಾ. ಡಿಸೋಜ. ಲೋಕೋಪಯೋಗಿ ಇಲಾಖೆಯ ನೌಕರರಾಗಿ ಶರಾವತಿ ಯೋಜನೆಯನ್ನು ಹತ್ತಿರದಿಂದ ಕಂಡಿದ್ದ ಅವರು ‘ಮುಳುಗಡೆ’, ‘ದ್ವೀಪ’ ಕಾದಂಬರಿಗಳನ್ನು ಬರೆದರು. ‘ದ್ವೀಪ’ವನ್ನು ಗಿರೀಶ್ ಕಾಸರವಳ್ಳಿ 2002ರಲ್ಲಿ ಸಿನಿಮಾ ಮಾಡಿದರು, ಅದಕ್ಕೆ ಅತ್ಯುತ್ತಮ ಕಥಾಚಿತ್ರದ ರಾಷ್ಟ್ರಪ್ರಶಸ್ತಿ ಬಂತು. ಸೇತುವೆ ತೆರೆಯುವ ಆರು ತಿಂಗಳು ಮುಂಚೆ, 2025ರ ಜನವರಿಯಲ್ಲಿ, ಡಿಸೋಜ ತೀರಿಕೊಂಡರು.

ಊರು ಬಿಡದೆ ಗುಡ್ಡದ ಮೇಲಕ್ಕೆ ಸರಿದು ಉಳಿದವರೂ ಇದ್ದರು. ಕರೂರು ಮತ್ತು ಬಾರಂಗಿ ಹೋಬಳಿಗಳ ತುಮರಿ, ಬ್ಯಾಕೋಡು, ಕುದರೂರು, ಕಟ್ಟಿನಕಾರು ಮುಂತಾದ ಊರುಗಳಿಗೆ ತಾಲ್ಲೂಕು ಕೇಂದ್ರವಾದ ಸಾಗರಕ್ಕೆ ಹೋಗುವ ನೇರ ದಾರಿ ನೀರಿನಡಿ ಸೇರಿತು. ಪತ್ರಿಕೆಗಳು ಈ ಸೀಮೆಯನ್ನು ದ್ವೀಪ ಎಂದು ಬರೆಯುತ್ತ ಬಂದಿವೆ. ನಕಾಶೆಯ ಪ್ರಕಾರ ಅದು ದ್ವೀಪವಲ್ಲ. ಹಿಂಬದಿಯಲ್ಲಿ ಕೋಗಾರು, ನಾಗೋಡಿಗಳ ಕಡೆಯಿಂದ ಕಾಡಿನ ನಡುವೆ ಸುತ್ತುವ ರಸ್ತೆಗಳಿವೆ. ಆದರೆ ಆಸ್ಪತ್ರೆ, ಕಚೇರಿ, ಅಡಿಕೆ ಮಂಡಿ ಎಲ್ಲವೂ ಸಾಗರದಲ್ಲಿರುವಾಗ ಎದುರು ದಡ ಕಣ್ಣಿಗೆ ಕಾಣುತ್ತಲೇ ಗಂಟೆಗಟ್ಟಲೆ ಸುತ್ತಬೇಕಾದವರಿಗೆ ಅದು ದ್ವೀಪವೇ.

ಈ ಕೊರತೆ ತುಂಬಲು ಬಂದದ್ದು ಲಾಂಚ್. ಅಗಲವಾದ, ತಳ ಚಪ್ಪಟೆಯಾದ ಕಬ್ಬಿಣದ ತೇಲುವೇದಿಕೆ. ದಡಕ್ಕೆ ತಾಗಿದಾಗ ಮಡಚಿ ಇಳಿಸುವ ಹಲಗೆ. ಒಂದು ಬದಿಯಲ್ಲಿ ಡೀಸೆಲ್ ಎಂಜಿನ್ನು ಮತ್ತು ಚಾಲಕನ ಗೂಡು. ಒಳನಾಡು ಜಲಸಾರಿಗೆ ಇಲಾಖೆ ನಡೆಸುತ್ತಿದ್ದ ಈ ಲಾಂಚ್‌ನಲ್ಲಿ ಬಸ್ಸು, ಜೀಪು, ಬೈಕು, ಅಡಿಕೆ ಮೂಟೆ, ಶಾಲೆಯ ಮಕ್ಕಳು, ಮದುವೆ ದಿಬ್ಬಣ ಎಲ್ಲ ಒಟ್ಟಿಗೆ ದಾಟುತ್ತಿದ್ದವು. ವಾಹನವನ್ನು ಹಿಮ್ಮುಖವಾಗಿ ಹತ್ತಿಸುವುದು ಹೊಸಬರಿಗೆ ಪರೀಕ್ಷೆಯಾಗಿತ್ತು. ಸ್ಥಳೀಯರು ಹೊರಗೆ ನಿಂತು ಸ್ಟಿಯರಿಂಗ್ ಎತ್ತ ತಿರುಗಿಸಬೇಕೆಂದು ಕೂಗಿ ಹೇಳುತ್ತಿದ್ದರು.

ಬಸ್ಸಿನಿಂದ ಇಳಿದು ಕಟಕಟೆಗೆ ಒರಗಿ ನಿಂತವರಿಗೆ ಆ ಸಣ್ಣ ಪಯಣ ಕೊಡುತ್ತಿದ್ದ ನೋಟ ದೊಡ್ಡದು. ಮಳೆಗಾಲ ಕಳೆದ ಮೇಲೆ, ಅಕ್ಟೋಬರ್‌ನಿಂದ ಜನವರಿಯವರೆಗೆ, ನೀರು ಕಾಡಿನ ಅಂಚಿನವರೆಗೂ ಏರಿರುತ್ತದೆ. ದಡದ ಕೆಂಪುಮಣ್ಣು, ಅದರ ಮೇಲೆ ದಟ್ಟ ಹಸಿರು, ಪಶ್ಚಿಮಕ್ಕೆ ಘಟ್ಟದ ನೀಲಿ ಸಾಲು. ನಾರ್ವೆಯ ಬಂಡೆಗೋಡೆಗಳ ಕಡಿದು ಇಲ್ಲಿಲ್ಲ. ಇಲ್ಲಿನ ಗುಡ್ಡಗಳು ನೀರಿಗೆ ಮೆಲ್ಲಗೆ ಜಾರಿ ಇಳಿಯುತ್ತವೆ, ನೋಟ ಎತ್ತರಕ್ಕಿಂತ ದೂರಕ್ಕೆ ಹರಿಯುತ್ತದೆ.

ಪ್ರವಾಸಿಗೆ ಸೊಗಸಾದ ಇದೇ ದಾಟು ಊರವರಿಗೆ ದಿನದಿನದ ಲೆಕ್ಕಾಚಾರವಾಗಿತ್ತು. ಲಾಂಚ್ ಬೆಳಿಗ್ಗೆ ಶುರುವಾಗಿ ಸಂಜೆ ನಿಲ್ಲುತ್ತಿತ್ತು. ಕೊನೆಯ ಲಾಂಚ್ ತಪ್ಪಿದರೆ ಸಾಗರದಲ್ಲೇ ರಾತ್ರಿ ಕಳೆಯಬೇಕು, ಇಲ್ಲವೇ ಕಾಡುದಾರಿ ಸುತ್ತಬೇಕು. ರಾತ್ರಿ ಹೆರಿಗೆ ನೋವು, ಹಾವು ಕಡಿತ, ಎದೆನೋವು ಬಂದರೆ ಏನು ಗತಿ ಎಂಬ ಪ್ರಶ್ನೆ ಪ್ರತಿ ಮನೆಯಲ್ಲಿತ್ತು. ಸಿಗಂದೂರು ಚೌಡೇಶ್ವರಿಯ ಹೆಸರು ರಾಜ್ಯದೆಲ್ಲೆಡೆ ಹರಡಿದಂತೆ ಭಕ್ತರ ವಾಹನಗಳ ಸಾಲು ಬೆಳೆದು ಊರವರಿಗೇ ಜಾಗ ಸಿಗದ ದಿನಗಳೂ ಬಂದವು. ಕಳ್ಳಕಾಕರಿಂದ ತೋಟ, ಮನೆ ಕಾಯುವವಳು ಎಂಬ ನಂಬಿಕೆಯಿಂದ ಈ ದೇವಿಯ ಹೆಸರಿನ ಫಲಕ ಮಲೆನಾಡಿನ ಅಡಿಕೆ ತೋಟಗಳಲ್ಲಿ ಸಾಮಾನ್ಯ. ಜನವರಿಯ ಸಂಕ್ರಾಂತಿಯ ಹೊತ್ತಿನ ಜಾತ್ರೆಗೆ ಜನಸಾಗರವೇ ಸೇರುತ್ತದೆ. ಇನ್ನು ಮಳೆ ತಡವಾದ ವರ್ಷಗಳಲ್ಲಿ ಮೇ, ಜೂನ್ ಹೊತ್ತಿಗೆ ನೀರು ತೀರ ಇಳಿದು ಲಾಂಚ್ ದಡ ಮುಟ್ಟಲಾಗದೆ ವಾಹನ ಸಾಗಣೆಯೇ ನಿಲ್ಲುತ್ತಿತ್ತು. ಲಾಂಚನ್ನು ಹಾಡಿ ಹೊಗಳುವ ಪ್ರವಾಸ ಲೇಖನಗಳು ಈ ಭಾಗವನ್ನು ಬಿಟ್ಟೇ ಬರೆದವು.

ಸೇತುವೆಯ ಬೇಡಿಕೆ ಹೊಸದಲ್ಲ. ತುಮರಿ ಭಾಗದ ಜನ ಧರಣಿ, ಪಾದಯಾತ್ರೆ, ಮನವಿಗಳಲ್ಲಿ ವರ್ಷಗಳನ್ನು ಕಳೆದರು. ಕೊನೆಗೆ 2018ರ ಫೆಬ್ರವರಿಯಲ್ಲಿ ಕೇಂದ್ರ ಸಚಿವ ನಿತಿನ್ ಗಡ್ಕರಿ ಶಂಕುಸ್ಥಾಪನೆ ಮಾಡಿದರು. ಏಳು ವರ್ಷದ ಮೇಲೆ ಅವರೇ ಉದ್ಘಾಟಿಸಿದರು. ಎರಡು ಕಿಲೋಮೀಟರಿಗೂ ಮಿಕ್ಕಿದ ಉದ್ದ, 16 ಮೀಟರ್ ಅಗಲ, 400 ಕೋಟಿ ರೂಪಾಯಿಗೂ ಮೀರಿದ ವೆಚ್ಚ. ನಡುವಿನ ಆಳದ ಭಾಗದಲ್ಲಿ ಕಂಬಗಳನ್ನು ದೂರದೂರ ನಿಲ್ಲಿಸಿ, ಅವುಗಳ ತಲೆಯಿಂದ ಓರೆಯಾಗಿ ಇಳಿಬಿಟ್ಟ ಉಕ್ಕಿನ ಕೇಬಲ್‌ಗಳು ರಸ್ತೆಯ ಭಾರವನ್ನು ಹಂಚಿಕೊಳ್ಳುವಂತೆ ಮಾಡಿದ್ದಾರೆ. ಜಲಾಶಯದ ಮಟ್ಟ ವರ್ಷದಲ್ಲಿ ಹತ್ತಾರು ಅಡಿ ಏರಿ ಇಳಿಯುವುದರಿಂದ ಕಂಬಗಳ ಕೆಲಸಕ್ಕೆ ಸಿಗುತ್ತಿದ್ದ ಕಾಲವೂ ಸೀಮಿತವೇ. ಸೇತುವೆ ಈಗ ರಾಷ್ಟ್ರೀಯ ಹೆದ್ದಾರಿ 369ಇ ಭಾಗ. ಈ ಹೆದ್ದಾರಿ ಸಾಗರದ ಕಡೆಯಿಂದ ಹೊರಟು ಹಿನ್ನೀರು ದಾಟಿ ಕೊಲ್ಲೂರು ದಾರಿಯ ಮರಕುಟಕದಲ್ಲಿ ಮುಗಿಯುತ್ತದೆ.

ನೀರು ದಾಟುವ ಹಡಗಿಗೆ ರಸ್ತೆ ಪೈಪೋಟಿ ಕೊಡುವುದು ನಾರ್ವೆಯಲ್ಲೂ ನಡೆದಿದೆ. ಓಸ್ಲೊ–ಬರ್ಗೆನ್ ನಡುವೆ 2000ದಲ್ಲಿ 24.5 ಕಿಲೋಮೀಟರ್ ಉದ್ದದ ಲೇರ್ಡಾಲ್ ಸುರಂಗ ತೆರೆದಾಗ ಸೋನ್ಯೆ ಫಿಯೋರ್ಡ್‌ನ ಫೆರಿಯೊಂದಕ್ಕೆ ಕೆಲಸವಿಲ್ಲದಂತಾಯಿತು. ಆದರೂ ಗುದ್ವಾಂಗನ್–ಕೌಪಾಂಗರ್ ನಡುವೆ ಬೇಸಿಗೆಯ ಪ್ರವಾಸಿಗರಿಗಾಗಿ ಕಾರು ಫೆರಿಯನ್ನು ಉಳಿಸಿಕೊಂಡರು. ಇನ್ನೊಂದು ಕಡೆ ಸೋನ್ಯೆಯ ಲಾವಿಕ್–ಓಪೆಡಾಲ್ ದಾಟಿನಲ್ಲಿ 2015ರಲ್ಲಿ ಜಗತ್ತಿನ ಮೊದಲ ಬ್ಯಾಟರಿ ಕಾರು ಫೆರಿ ‘ಆಂಪೆರ್’ ಓಡತೊಡಗಿತು. ಜಲವಿದ್ಯುತ್ತೇ ಪ್ರಧಾನವಾದ ಆ ದೇಶದಲ್ಲಿ ಹಲವು ಫೆರಿಗಳು ಹೀಗೆ ನೀರಿನ ಕರೆಂಟಿನಲ್ಲೇ ನೀರು ದಾಟುತ್ತಿವೆ. ರಾಜ್ಯಕ್ಕೆ ವಿದ್ಯುತ್ ಕೊಟ್ಟ ಶರಾವತಿಯ ಮೇಲೆ ಮಾತ್ರ ಆರು ದಶಕ ಡೀಸೆಲ್ ಹೊಗೆಯೇ ತೇಲಿತು. ಸೇತುವೆ ಬಂದದ್ದು ನ್ಯಾಯ, ಅದೂ ತಡವಾದ ನ್ಯಾಯ. ಲಾಂಚ್‌ಗೆ ಬೇಕಾದದ್ದು ಗುಜರಿಯಲ್ಲ, ಬ್ಯಾಟರಿಯ ಎರಡನೆಯ ಜನ್ಮ.

ಪ್ರಯಾಣದ ದಾರಿಗೆ ಬಂದರೆ, ಮೇಲೆ ಹೇಳಿದ ಚಿಂತಾಮಣಿ, ಶಿಡ್ಲಘಟ್ಟಗಳಿರುವ ಚಿಕ್ಕಬಳ್ಳಾಪುರ ಜಿಲ್ಲೆಯವರಿಗೆ ಇದು ಅಂದುಕೊಂಡಷ್ಟು ಅಪರಿಚಿತ ರಸ್ತೆಯಲ್ಲ. ಚಿಂತಾಮಣಿಯಲ್ಲಿ ಸಿಗುವ ರಾಷ್ಟ್ರೀಯ ಹೆದ್ದಾರಿ 69 ಚಿಕ್ಕಬಳ್ಳಾಪುರ, ಗೌರಿಬಿದನೂರು, ಮಧುಗಿರಿ, ಶಿರಾ, ಹುಳಿಯಾರು, ಬಾಣಾವರ, ಕಡೂರು, ಶಿವಮೊಗ್ಗಗಳನ್ನು ಹಾದು ಸಾಗರ ತಲುಪಿ, ಜೋಗದ ಪಕ್ಕದಿಂದ ಇಳಿದು ಹೊನ್ನಾವರದಲ್ಲಿ ಕಡಲು ಮುಟ್ಟುತ್ತದೆ. ಒಂದೇ ಸಂಖ್ಯೆಯ ರಸ್ತೆ ವರ್ಷಕ್ಕೆ 700–800 ಮಿಲಿಮೀಟರ್ ಮಳೆಯ ನೆಲದಿಂದ ಅದರ ಹಲವು ಪಟ್ಟು ಮಳೆಯ ನೆಲಕ್ಕೆ ಒಯ್ಯುತ್ತದೆ. ಬೆಂಗಳೂರು, ತುಮಕೂರು ಮೇಲೆ ಬರುವವರೂ ಕಡೂರಿನ ಹೊತ್ತಿಗೆ ಇದೇ ಹೆದ್ದಾರಿ ಸೇರುತ್ತಾರೆ. ರೈಲು ಬೇಕೆನ್ನುವವರಿಗೆ ಬೆಂಗಳೂರಿನಿಂದ ಸಾಗರ, ತಾಳಗುಪ್ಪದವರೆಗೆ ರಾತ್ರಿ ಗಾಡಿಯಿದೆ.

ಸಾಗರದಲ್ಲಿ ಒಂದು ರಾತ್ರಿ ತಂಗುವುದು ಒಳ್ಳೆಯದು. ಹತ್ತಿರದ ಇಕ್ಕೇರಿಯಲ್ಲಿ ಕೆಳದಿ ಅರಸರ ಕಾಲದ ಅಘೋರೇಶ್ವರ ದೇವಾಲಯವಿದೆ. ಅದರ ಮುಂದಿನ ದೊಡ್ಡ ನಂದಿಯ ಸಲುವಾಗಿಯಾದರೂ ಅರ್ಧ ಗಂಟೆ ಕೊಡಬೇಕು. ಅಲ್ಲಿಂದ ಹೊಳೆಬಾಗಿಲು, ಸೇತುವೆ, ಸಿಗಂದೂರು, ತುಮರಿ. ತುಮರಿ ದಾಟಿದ ಮೇಲೆ ರಸ್ತೆ ಕಾಡಿಗೆ ಹೊಕ್ಕು ನಾಗೋಡಿಯತ್ತ ಏರುತ್ತದೆ. 1,343 ಮೀಟರ್ ಎತ್ತರದ ಕೊಡಚಾದ್ರಿಯ ಬೆನ್ನು ಆಗಾಗ ಮೋಡದಿಂದ ಹೊರಬರುತ್ತದೆ. ನಾಗೋಡಿಯಿಂದ ಘಟ್ಟ ಇಳಿದರೆ ಕೊಲ್ಲೂರು ಮೂಕಾಂಬಿಕೆಯ ಸನ್ನಿಧಿ. ಮುಂದೆ ಬೈಂದೂರಿನಲ್ಲಿ ಕರಾವಳಿ ಹೆದ್ದಾರಿ.

ಬಂದ ದಾರಿಯಲ್ಲೇ ಮರಳದೆ ಬೈಂದೂರು, ಭಟ್ಕಳ, ಹೊನ್ನಾವರಗಳ ಮೇಲೆ ಸುತ್ತಿ ಬರುವುದು ಇನ್ನೂ ಚೆಂದ. ಹೊನ್ನಾವರದಲ್ಲಿ ಅದೇ ಶರಾವತಿ ಮತ್ತೆ ಎದುರಾಗುತ್ತದೆ, ಈ ಬಾರಿ ಉಪ್ಪುನೀರಿನ ಅಗಲವಾದ ಅಳಿವೆಯಾಗಿ. ಕೊಂಕಣ ರೈಲ್ವೆಯ ಅತಿ ಉದ್ದದ ಸೇತುವೆ, ಎರಡು ಕಿಲೋಮೀಟರಿಗಿಂತ ಹೆಚ್ಚಿನದು, ಇದೇ ಅಳಿವೆಯ ಮೇಲಿದೆ. ಕಡಲು ನದಿಯ ಕಣಿವೆಯೊಳಗೆ ಏರಿ ಬರುವುದು ಫಿಯೋರ್ಡ್‌ನ ಲಕ್ಷಣವಾದರೆ ಅದಕ್ಕೆ ಹತ್ತಿರದ ರೂಪ ಹಿನ್ನೀರಿಗಿಂತ ಈ ಅಳಿವೆಯೇ. ಕಾಂಡ್ಲಾ ಗಿಡಗಳ ನಡುವೆ ಇಲ್ಲಿ ದೋಣಿ ವಿಹಾರವಿದೆ. ಹಿಂದೆ ಜೋಗ ನೋಡಬಯಸಿದ ಪ್ರಯಾಣಿಕರು ಹೊನ್ನಾವರದಿಂದ ದೋಣಿಯಲ್ಲಿ ಗೇರುಸೊಪ್ಪೆಯವರೆಗೆ ಬಂದು ಅಲ್ಲಿಂದ ಘಟ್ಟ ಹತ್ತುತ್ತಿದ್ದರು. ಗೇರುಸೊಪ್ಪೆ 16ನೆಯ ಶತಮಾನದಲ್ಲಿ ರಾಣಿ ಚೆನ್ನಭೈರಾದೇವಿ ಆಳಿದ ನೆಲ. ಪೋರ್ಚುಗೀಸರು ಅವಳನ್ನು ಕರಿಮೆಣಸಿನ ರಾಣಿ ಎಂದು ಕರೆದರು. ಅಲ್ಲಿನ ಚತುರ್ಮುಖ ಬಸದಿ ನದಿಯಾಚೆಯ ಕಾಡಿನಲ್ಲಿ ಈಗಲೂ ನಿಂತಿದೆ. ಅಲ್ಲಿಂದ ಮಾಲೆಮನೆ ಘಟ್ಟ ಏರಿದರೆ ಜೋಗ. ಈ ಘಟ್ಟದ ಕಾಡು ಸಿಂಗಳೀಕಗಳ ನೆಲೆ. 2019ರಲ್ಲಿ ಶರಾವತಿ ಕಣಿವೆಯ ಅಭಯಾರಣ್ಯವನ್ನು ಹಿಗ್ಗಿಸಿ ಸಿಂಗಳೀಕ ಅಭಯಾರಣ್ಯವೆಂದು ಹೆಸರಿಟ್ಟರು. ತಳಕಳಲೆ ಮತ್ತು ಗೇರುಸೊಪ್ಪೆಗಳ ನಡುವೆ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆ ತರುವ ಪ್ರಸ್ತಾವದ ವಿರುದ್ಧ ಪರಿಸರವಾದಿಗಳು ಮತ್ತು ಸ್ಥಳೀಯರು ದನಿಯೆತ್ತಿರುವುದು ಈ ಕಾಡಿನ ಕಾರಣಕ್ಕೇ.

ನೀರಿನ ಮೇಲೆ ವಾಹನ ಸಮೇತ ತೇಲುವ ಅನುಭವ ಬೇಕೇ ಬೇಕು ಎನ್ನುವವರು ಹಿನ್ನೀರಿನ ಬೇರೆ ಎರಡು ಕಡವುಗಳ ಹೆಸರು ನೆನಪಿಡಬಹುದು: ಹಸಿರುಮಕ್ಕಿ ಮತ್ತು ಕಾರ್ಗಲ್ ಬಳಿಯ ಮುಪ್ಪಾನೆ. ಲಾಂಚ್ ಈಗಲೂ ಓಡುತ್ತಿದೆಯೇ ಎಂಬುದನ್ನು, ಅದರ ವೇಳೆ ಮತ್ತು ನೀರಿನ ಮಟ್ಟವನ್ನು ಸಾಗರದಲ್ಲೇ ವಿಚಾರಿಸಿಕೊಂಡು ಹೊರಡಬೇಕು. ಇದೇ ಹಿನ್ನೀರಿನ ದಡದ ಹೊನ್ನೇಮರಡುವಿನಲ್ಲಿ ಲೈಫ್ ಜಾಕೆಟ್ ತೊಡಿಸಿ ದೋಣಿ ಹುಟ್ಟುಹಾಕುವುದನ್ನು ಕಲಿಸುವ ಸಾಹಸ ಕೇಂದ್ರವಿದೆ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜೋಗ ಅಬ್ಬರದಲ್ಲಿರುತ್ತದೆ, ಆದರೆ ಘಟ್ಟದ ರಸ್ತೆಗಳಲ್ಲಿ ಮಂಜು, ಮರ ಬೀಳುವುದು, ಮಣ್ಣು ಕುಸಿಯುವುದು ಸಾಮಾನ್ಯ. ಹಿನ್ನೀರು ತುಂಬಿ ತಿಳಿಯಾಗಿರುವುದು ಅಕ್ಟೋಬರ್‌ನಿಂದ ಜನವರಿಯವರೆಗೆ. ಏಪ್ರಿಲ್, ಮೇ ತಿಂಗಳಲ್ಲಿ ಬಂದವರಿಗೆ ಸಿಗುವುದು ಬಿರಿದ ಮಣ್ಣು, ಮರದ ಬೊಡ್ಡೆಗಳು ಮತ್ತು ಅದೃಷ್ಟವಿದ್ದರೆ ಮಡೆನೂರಿನ ಹಳೆಯ ಅಣೆಕಟ್ಟೆ. ಯಾವ ಕಾಲದಲ್ಲೇ ಆಗಲಿ ಹಿನ್ನೀರಿಗೆ ಈಜಲು ಇಳಿಯಬಾರದು. ದಡ ಎಲ್ಲಿ ಕಡಿದಾಗುತ್ತದೆ, ಹೂಳು ಎಷ್ಟಿದೆ, ಮುಳುಗಿದ ಬೊಡ್ಡೆ ಎಲ್ಲಿದೆ ಎಂಬುದು ಮೇಲಿನಿಂದ ತಿಳಿಯುವುದಿಲ್ಲ. ಶರಾವತಿ ಹಿನ್ನೀರಿನಲ್ಲಿ ಜೀವ ಕಳೆದುಕೊಂಡವರಲ್ಲಿ ಈಜು ಬಲ್ಲವರೂ ಇದ್ದಾರೆ.